ಲಕೋಟೆಯೊಳಗಿನ ಬೀಗದಕೈ

ಎದುರು ಮನೆಯ ಹುಡುಗಿ ಒಂದು ಭಾನುವಾರ ಬೆಳಿಗ್ಗೆ ಬೆಲ್ ಒತ್ತಿ, ತನ್ನ ಮನೆಯ ಬೀಗದಕೈಯನ್ನು ಸರ್ವೇಯರಮ್ಮನ ಅಂಗೈಯಲ್ಲಿಟ್ಟು, "ಇದು ನಿಮ್ಮ ಹತ್ರ ಇರ್ಲಿ ಆಂಟಿ" ಎಂದಳು.

ಬೇರೆ ಯಾರಾದರೂ ಆಗಿದ್ದರೆ "ಆಯ್ತಮ್ಮ" ಅಂದು, ಮೊಳೆಗೆ ತಗುಲಿಹಾಕಿ, ಮಧ್ಯಾಹ್ನದ ಹೊತ್ತಿಗೆ ಮರೆತೇಬಿಡುತ್ತಿದ್ದರು. ಆದರೆ ಸರ್ವೇಯರಮ್ಮ ವಿಮಾ ಕಂಪನಿಯಲ್ಲಿ ಇಪ್ಪತ್ತಮೂರು ವರ್ಷದಿಂದ ಒಂದೇ ಕೆಲಸ ಮಾಡಿಕೊಂಡು ಬಂದವಳು. ಜನ ಹೇಳಿದ್ದನ್ನು ನಂಬದೇ ಇರುವುದು ಆ ಕೆಲಸ. ಮನೆಗೆ ಕಳ್ಳರು ನುಗ್ಗಿದರು, ಅಡುಗೆಮನೆಗೆ ಬೆಂಕಿ ಬಿತ್ತು ಎಂದು ಯಾರಾದರೂ ಅರ್ಜಿ ಹಾಕಿದರೆ, ಹೋಗಿ ನೋಡಿ, ಬೆಂಕಿ ಬಿತ್ತೋ ಇಟ್ಟರೋ ಎಂದು ಬರೆದು ಕೊಡುವವಳು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅನ್ನುತ್ತಾರೆ. ಇವಳ ಕಣ್ಣಿಗೆ ಕಂಪನಿಯೇ ಸಂಬಳ ಕೊಟ್ಟು ಕಾಮಾಲೆ ತರಿಸಿತ್ತು.

"ಯಾಕಮ್ಮ?" ಎಂದು ಕೇಳಿದಳು.

"ಸುಮ್ನೆ. ಬೇಕಾದ್ರೆ ಇರ್ಲಿ ಅಂತ."

"ಯಾರಿಗೆ ಬೇಕಾದ್ರೆ?"

ಹುಡುಗಿ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಮೆಟ್ಟಿಲ ಮೇಲೆ ಯಾರದೋ ಹೆಜ್ಜೆ ಸಪ್ಪಳ ಕೇಳಿತು. ತಟ್ಟನೆ ಬಾಯಿ ಮುಚ್ಚಿ, "ನಂಗೇ ಆಂಟಿ" ಎಂದಷ್ಟೇ ಹೇಳಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಈ ಮನೆಗೆ ಬಂದ ಎಂಟು ತಿಂಗಳಲ್ಲಿ ಅವಳು ಆಡಿದ ಅತಿ ಉದ್ದದ ಮಾತು ಅದು. ಕಿವಿಯ ಮೇಲೆ ಸದಾ ದಪ್ಪನೆಯ ಹೆಡ್‌ಫೋನು. ಲಿಫ್ಟಿನಲ್ಲಿ ಸಿಕ್ಕರೆ ನಕ್ಕಂತೆ ಮಾಡಿ ಗೋಡೆ ನೋಡುವವಳು. ಇಡೀ ಕಟ್ಟಡಕ್ಕೆ ಅವಳು ಹೆಡ್‌ಫೋನ್ ಹುಡುಗಿ.

ಸರ್ವೇಯರಮ್ಮ ಬೀಗದಕೈಯನ್ನು ಬೆರಳ ತುದಿಯಲ್ಲಿ, ಸತ್ತ ಜಿರಲೆ ಹಿಡಿದಂತೆ ಹಿಡಿದು ಒಳಗೆ ತಂದಳು. ಒಂದು ಪ್ಲಾಸ್ಟಿಕ್ ಚೀಲಕ್ಕೆ ಹಾಕಿದಳು. ಚೀಲವನ್ನು ಕಂದು ಲಕೋಟೆಗೆ ಹಾಕಿ, ಅಂಟಿಸಿ, ಅಂಟಿನ ಮೇಲೆ ಅಡ್ಡಲಾಗಿ ಸಹಿ ಹಾಕಿ, ದಿನಾಂಕ ಮತ್ತು ಗಂಟೆ ಬರೆದಳು. ಆಮೇಲೆ ಲಕೋಟೆಯನ್ನು ಗಂಡನ ಮುಂದೆ ಹಿಡಿದಳು.

"ಇಲ್ಲೊಂದು ಸಹಿ ಹಾಕ್ರೀ. ಸಾಕ್ಷಿ."

ಅವಳ ಗಂಡ ಸ್ಕೂಲ್ ಬಸ್ಸಿನ ಡ್ರೈವರ್. ವಾರಕ್ಕೆ ಆರು ದಿನ ಐವತ್ತು ಮಕ್ಕಳ ಗಲಾಟೆ ಹೊತ್ತುಕೊಂಡು ತಿರುಗುವ ಮನುಷ್ಯ. ಭಾನುವಾರ ಅವನಿಗೆ ಯಾವುದೂ ದೊಡ್ಡ ವಿಷಯವಲ್ಲ. "ಮದುವೆ ದಿನ ಒಂದು ಸಹಿ ಹಾಕಿದ್ದಕ್ಕೆ ಇನ್ನೂ ಬಿಟ್ಟಿಲ್ವಲ್ಲೇ ನೀನು!" ಎಂದು ಗೊಣಗುತ್ತಲೇ ಹಾಕಿದ. "ಪಾಪ, ಒಂಟಿ ಹುಡುಗಿ. ಬೀಗದಕೈ ಕಳೆದುಹೋದ್ರೆ ಕಷ್ಟ ಅಂತ ಕೊಟ್ಟಿರ್ತಾಳೆ."

"ಅದಕ್ಕೆ ನಾನೇ ಬೇಕಿತ್ತಾ? ಪಕ್ಕದ್ಮನೆ ಅಜ್ಜಿ ಇದಾರೆ, ಇಡೀ ದಿನ ಮನೇಲೇ ಇರ್ತಾರೆ. ವಿಮೆ ಕಂಪನಿಯವಳನ್ನೇ ಹುಡುಕ್ಕೊಂಡು ಬಂದು ಕೊಟ್ಟಿದಾಳೆ ಅಂದ್ರೆ ಅದರಲ್ಲೇನೋ ಇದೆ."

"ಏನಿರತ್ತೆ?"

"ನಾಳೆ ಅವಳ ಮನೇಲಿ ಕಳ್ಳತನ ಆಗುತ್ತೆ. ಬಾಗಿಲು ಒಡೆದಿರಲ್ಲ. ಕೀ ಯಾರ ಹತ್ರ ಇತ್ತು ಅಂತ ಕೇಳ್ತಾರೆ. ಆಗ?"

ಈ ಮಾತು ಎಲ್ಲಿಂದ ಬಂತೆಂದು ಗಂಡನಿಗೆ ಗೊತ್ತಿತ್ತು. ಒಂಬತ್ತು ವರ್ಷದ ಹಿಂದೆ, ಹಳೆಯ ಮನೆಯಲ್ಲಿದ್ದಾಗ, ನೆರೆಯವನೊಬ್ಬ ಒಡವೆ ಕಳುವಾಯಿತು ಎಂದು ಕಣ್ಣೀರಿಟ್ಟಿದ್ದ. ದಿನಾ ಇವರ ಮನೆಗೆ ಬಂದು ಹೋಗುತ್ತಿದ್ದ ಮನುಷ್ಯ, ಇವಳನ್ನು ಬಾಯ್ತುಂಬ ಅಕ್ಕ ಎನ್ನುತ್ತಿದ್ದವನು. ಅಕ್ಕ ಕರಗಿ ಅವನ ವಿಮೆಯ ಅರ್ಜಿಗೆ ಸಾಕ್ಷಿ ಹಾಕಿದಳು. ಒಡವೆ ಅವನ ಭಾವನ ಮನೆಯ ಅಕ್ಕಿ ಡಬ್ಬದಲ್ಲಿ ಸಿಕ್ಕಿತು. ಆರು ತಿಂಗಳು ಸರ್ವೇಯರಮ್ಮನ ಮೇಲೆ ವಿಚಾರಣೆ ನಡೆಯಿತು. ಕೊನೆಗೆ ತಪ್ಪಿಲ್ಲ ಎಂದರು ನಿಜ, ಜೊತೆಗೆ ಒಂದು ಕಾಗದವನ್ನೂ ಕೊಟ್ಟರು. ಇನ್ನೊಂದು ಸಲ ಇಂಥದ್ದರಲ್ಲಿ ಹೆಸರು ಬಂದರೆ ಕೆಲಸದಿಂದ ತೆಗೆಯುತ್ತೇವೆ ಎಂದು ಅದರಲ್ಲಿ ಬರೆದಿತ್ತು. ಅಂದಿನಿಂದ ನೆರೆಹೊರೆ ಎಂದರೆ ಅವಳಿಗೆ ಹಾವಿನ ಹುತ್ತ.

ಹಾಗೆ ನೋಡಿದರೆ ಈ ಹೊಸ ಕಟ್ಟಡ ಅವಳಿಗೆ ಹೇಳಿ ಮಾಡಿಸಿದ ಜಾಗ. ಇಲ್ಲಿ ಯಾರಿಗೂ ಯಾರೂ ಬೇಕಿಲ್ಲ. ಅರವತ್ತು ಮನೆಗೂ ಸೇರಿ ಫೋನಿನಲ್ಲಿ ಒಂದು ಗುಂಪಿದೆ. ಬೆಳಿಗ್ಗೆ ಎದ್ದರೆ ಅದರಲ್ಲಿ ಹೂವಿನ ಚಿತ್ರದ ಮೇಲೆ ಶುಭೋದಯ, ಸಂಜೆ ಯಾರದೋ ಕಾರು ಯಾರದೋ ಜಾಗದಲ್ಲಿದೆ ಎಂಬ ಜಗಳ. ಹೂವು ಕಳಿಸುವವರೇ ಲಿಫ್ಟಿನಲ್ಲಿ ಎದುರಾದರೆ ಗುರುತು ಹಿಡಿಯುವುದಿಲ್ಲ. ಸರ್ವೇಯರಮ್ಮ ಮಾತ್ರ ಎಲ್ಲರನ್ನೂ ಬಲ್ಲಳು, ಅದೂ ಒಂದು ಮಾತನ್ನೂ ಆಡದೆ. ಬಾಗಿಲಿನ ಕಿಂಡಿ ಗಾಜಿಗೆ ಕಣ್ಣು ಕೊಟ್ಟು ನಿಂತರೆ ಸಾಕು, ಯಾರು ಎಷ್ಟು ಹೊತ್ತಿಗೆ ಹೋದರು, ಯಾರ ಕೈಯಲ್ಲಿ ಏನಿತ್ತು, ಎಲ್ಲ ತಿಳಿಯುತ್ತಿತ್ತು. ಕಂಡದ್ದನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದಿಡುವುದು ಕೆಲಸದಿಂದ ಬಂದ ಚಾಳಿ.

ಬೀಗದಕೈ ಬಂದ ಮೇಲೆ ಆ ಪುಸ್ತಕದ ತುಂಬ ಹೆಡ್‌ಫೋನ್ ಹುಡುಗಿಯೇ. ಎಂಟೂ ಹತ್ತಕ್ಕೆ ಕಸದ ಚೀಲ ಹಿಡಿದು ಕೆಳಗೆ ಹೋಗುತ್ತಾಳೆ, ಎಂಟೂ ಇಪ್ಪತ್ತಕ್ಕೆ ಹಾಲು ತರುತ್ತಾಳೆ. ಆಮೇಲೆ ಇಡೀ ದಿನ ಒಳಗೆ. ಯಾರೂ ಬರುವುದಿಲ್ಲ. ಸಂಜೆ ಒಂದು ಸುತ್ತು ನಡೆದು ಬರುತ್ತಾಳೆ. ಮೂರು ಮಹಡಿ ಇಳಿಯಲು ಸದಾ ಲಿಫ್ಟೇ. ಈ ವಯಸ್ಸಿಗೆ ಮೆಟ್ಟಿಲಿಗೆ ಯಾಕೆ ಹೆದರಬೇಕು? ಅದರ ಮುಂದೆ ಸರ್ವೇಯರಮ್ಮ ಒಂದು ಪ್ರಶ್ನೆ ಚಿಹ್ನೆ ಹಾಕಿದಳು.

ಒಂದು ಬುಧವಾರ ಹುಡುಗಿ ಪಾರ್ಸೆಲ್ ತೆಗೆದುಕೊಳ್ಳಲು ಬಾಗಿಲು ತೆರೆದಾಗ ಎದುರಿನ ಮನೆಯ ಒಳಗು ಪೂರ್ತಿ ಕಂಡಿತು. ಸರ್ವೇಯರಮ್ಮ ಕಿಂಡಿಯಿಂದ ಒಂದೊಂದೇ ನೋಡಿದಳು. ಮೇಜಿನ ಅಂಚಿಗೆಲ್ಲ ಸ್ಪಂಜು ಸುತ್ತಿ ಟೇಪು ಹಚ್ಚಿದೆ. ಕಪಾಟಿನ ಮೂಲೆಗಳಿಗೂ ಸುತ್ತಿದೆ. ನೆಲದ ತುಂಬ ದಪ್ಪ ಚಾಪೆ. ಇಡೀ ಕೋಣೆಯಲ್ಲಿ ಒಂದೇ ಒಂದು ಗಾಜಿನ ಸಾಮಾನಿಲ್ಲ, ಗೋಡೆಯಲ್ಲಿ ಕನ್ನಡಿ ಕೂಡ ಇಲ್ಲ.

ಗಂಡ ಮಧ್ಯಾಹ್ನ ಊಟಕ್ಕೆ ಬಂದಾಗ ಅವಳ ಕಣ್ಣು ಮಿನುಗುತ್ತಿತ್ತು. "ನಾನು ಹೇಳ್ಲಿಲ್ವಾ? ಸಾಮಾನು ಕಟ್ಟಿಟ್ಟಿದಾಳೆ. ಬೆಲೆ ಬಾಳೋದನ್ನೆಲ್ಲ ಆಗಲೇ ಸಾಗಿಸಾಗಿದೆ. ಉಳಿದಿದ್ದಕ್ಕೆ ಸ್ಪಂಜು ಸುತ್ತಿದಾಳೆ, ಸಾಗಿಸ್ವಾಗ ಗೀಚಬಾರ್ದು ಅಂತ."

"ಕೂಸಿರೋರ ಮನೇಲಿ ಹಾಗೆ ಸುತ್ತಿರ್ತಾರೆ ಕಣೇ. ಮಗು ತಲೆ ತಾಗಬಾರ್ದು ಅಂತ."

"ಕೂಸೆಲ್ಲಿದೆ ಅಲ್ಲಿ? ತೋರ್ಸಿ ನೋಡೋಣ."

ಕೂಸಿರಲಿಲ್ಲ. ಗಂಡ ಅನ್ನ ಕಲಸಿಕೊಂಡ.

ಮರುದಿನ ಕಚೇರಿಯಲ್ಲಿ ಮಾಡಬಾರದ ಕೆಲಸವೊಂದನ್ನು ಮಾಡಿದಳು. ಎದುರು ಮನೆಯ ಮೇಲೆ ತಮ್ಮ ಕಂಪನಿಯ ಪಾಲಿಸಿ ಏನಾದರೂ ಇದೆಯೇ ಎಂದು ಕಂಪ್ಯೂಟರಿನಲ್ಲಿ ಹುಡುಕಿದಳು. ಇರಲಿಲ್ಲ. ಬೇರೆಯವರಾಗಿದ್ದರೆ ಅಲ್ಲಿಗೆ ನಿಟ್ಟುಸಿರು ಬಿಟ್ಟು ಸುಮ್ಮನಾಗುತ್ತಿದ್ದರು. ಸರ್ವೇಯರಮ್ಮ ಮಾತ್ರ, ಓಹೋ, ಬೇರೆ ಕಂಪನಿಯಲ್ಲಿ ಮಾಡಿಸಿದ್ದಾಳೆ, ನಾನು ಹುಡುಕುತ್ತೇನೆಂದು ಮೊದಲೇ ಗೊತ್ತಿತ್ತು, ಭಲೇ ಕಿಲಾಡಿ ಎಂದುಕೊಂಡಳು. ಅನುಮಾನಕ್ಕೆ ಹೊಟ್ಟೆ ತುಂಬುವುದು ಹೀಗೆಯೇ. ಸಿಕ್ಕರೂ ತಿನ್ನುತ್ತದೆ, ಸಿಗದಿದ್ದರೂ ತಿನ್ನುತ್ತದೆ.

ಬೀಗದಕೈ ಬಾಯೊಳಗಿನ ಬಿಸಿತುಪ್ಪವಾಯಿತು. ಉಗುಳಿಬಿಡುವುದೇ ಸರಿ ಎಂದು ಶನಿವಾರ ಲಕೋಟೆ ಹಿಡಿದು ಹೋಗಿ ಎದುರು ಮನೆಯ ಬೆಲ್ ಒತ್ತಿದಳು. ಹುಡುಗಿ ಹೆಡ್‌ಫೋನನ್ನು ಕತ್ತಿಗಿಳಿಸಿಕೊಂಡು ಬಂದಳು. ಕಣ್ಣ ಕೆಳಗೆ ಕಪ್ಪಗಾಗಿತ್ತು.

"ತಗೊಳ್ಳಮ್ಮ ನಿಮ್ಮ ಕೀ. ನಾವು ಮನೇಲಿ ಇರೋದೇ ಕಮ್ಮಿ. ಬೇರೆ ಯಾರಿಗಾದ್ರೂ ಕೊಡಿ."

ಹುಡುಗಿ ಲಕೋಟೆಯನ್ನೂ ಅದರ ಮೇಲಿನ ಎರಡು ಸಹಿಗಳನ್ನೂ ನೋಡಿದಳು. ಕೈ ಚಾಚಲಿಲ್ಲ. "ಬೇರೆ ಯಾರಿಗೂ ಕೊಡಕ್ಕಾಗಲ್ಲ ಆಂಟಿ."

"ಯಾಕಾಗಲ್ಲ? ಪಕ್ಕದ ಅಜ್ಜಿ ಇಲ್ವಾ?"

"ಅವ್ರಿಗೆ ಕಿವಿ ಕೇಳಲ್ಲ."

ಕಿವಿ ಕೇಳದವರಿಗೆ ಬೀಗದಕೈ ಇಟ್ಟುಕೊಳ್ಳಲು ಏನಡ್ಡಿ? ಸರ್ವೇಯರಮ್ಮನ ಮನಸ್ಸಿನಲ್ಲಿ ಇನ್ನೊಂದು ಪ್ರಶ್ನೆ ಚಿಹ್ನೆ ಎದ್ದಿತು. "ನೋಡಿ, ನಂಗೆ ನೇರವಾಗಿ ಮಾತಾಡಿ ಅಭ್ಯಾಸ. ನಿಮ್ಮ ಮನೇಲಿ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನಾನು ಜವಾಬ್ದಾರಿ ಅಲ್ಲ."

"ನಂಗೊತ್ತು ಆಂಟಿ."

"ಹಾಗಂತ ಬರೆದು ಕೊಡ್ತೀರಾ?"

ಇಷ್ಟು ಕೇಳಿದರೆ ಯಾರಿಗಾದರೂ ಮೈಯುರಿಯಬೇಕು. ಹುಡುಗಿಗೆ ಉರಿಯಲಿಲ್ಲ. ಸರ್ವೇಯರಮ್ಮ ಮೊದಲೇ ಬರೆದು ತಂದಿದ್ದ ಕಾಗದವನ್ನು ತೆಗೆದುಕೊಂಡು, ಗೋಡೆಗೆ ಆನಿಸಿ, ಓದದೆಯೇ ಸಹಿ ಹಾಕಿ ಕೊಟ್ಟಳು. ಬಾಗಿಲು ಹಾಕುವ ಮುನ್ನ ಒಂದು ಕ್ಷಣ ನಿಂತು, "ಆಂಟಿ, ನೀವು ಬುಧವಾರ ಮನೇಲಿರ್ತೀರಿ ಅಲ್ವಾ?" ಎಂದು ಕೇಳಿದಳು.

"ಇರ್ತೀನಿ. ಯಾಕೆ?"

"ಏನಿಲ್ಲ. ಬುಧವಾರ ಇರ್ತೀರಿ ಅಂತ ಗೊತ್ತು, ಖಾತ್ರಿ ಮಾಡ್ಕೊಳ್ಳೋಣ ಅಂತ ಕೇಳ್ದೆ."

ವಾರಕ್ಕೊಂದು ದಿನ, ಬುಧವಾರ, ಸರ್ವೇಯರಮ್ಮ ಮನೆಯಲ್ಲಿ ಕೂತು ವರದಿ ಬರೆಯುತ್ತಾಳೆ. ಅದು ಇವಳಿಗೆ ಹೇಗೆ ಗೊತ್ತು? ತಾನು ಎಂಟು ತಿಂಗಳಿಂದ ಇವಳ ದಿನಚರಿ ಬರೆಯುತ್ತಿದ್ದೇನೆ ಎಂಬುದು ಆಗ ಅವಳ ತಲೆಗೆ ಹೊಳೆಯಲೇ ಇಲ್ಲ. ತನ್ನನ್ನು ಯಾರೋ ಗಮನಿಸುತ್ತಿದ್ದಾರೆ ಎಂಬುದೊಂದೇ ತಲೆಯಲ್ಲಿ ಗಿರಗಿರ ತಿರುಗಿತು. "ಬುಧವಾರಾನೇ ಇಟ್ಕೊಂಡಿದಾಳೆ ಮುಹೂರ್ತ" ಎಂದು ಗಂಡನಿಗೆ ಹೇಳಿದಳು.

ಬುಧವಾರ ಬಂತು. ಎಂಟೂ ಹತ್ತಕ್ಕೆ ಎದುರಿನ ಬಾಗಿಲು ತೆರೆಯಲಿಲ್ಲ. ಎಂಟೂ ಇಪ್ಪತ್ತಕ್ಕೂ ಇಲ್ಲ. ಗಂಡ ಬಸ್ಸಿಗೆ ಹೋಗಿದ್ದ. ಒಂಬತ್ತೂ ನಲವತ್ತೆರಡಕ್ಕೆ ಎದುರು ಮನೆಯಲ್ಲಿ ಧಡ್ ಎಂದು ಏನೋ ಬಿತ್ತು. ಅದರ ಹಿಂದೆಯೇ ಟಪ್, ಟಪ್, ಟಪ್ ಎಂದು ಬಾಗಿಲಿಗೋ ನೆಲಕ್ಕೋ ಬಡಿಯುವ ಸದ್ದು.

ಪೆಟ್ಟಿಗೆಗೆ ಮೊಳೆ ಹೊಡೆಯುತ್ತಿದ್ದಾಳೆ ಎಂದುಕೊಂಡಳು ಸರ್ವೇಯರಮ್ಮ. ಸಮಯ ಬರೆದಿಟ್ಟು, ಫೋನ್ ಹಿಡಿದು, ಕಿಂಡಿಗೆ ಕಣ್ಣು ಕೊಟ್ಟು ನಿಂತಳು. ಸಾಮಾನು ಹೊರಗೆ ಬಂದ ಕೂಡಲೇ ಫೋಟೋ ತೆಗೆಯಬೇಕು. ಈ ಸಲ ತನ್ನನ್ನು ಯಾರೂ ಸಿಕ್ಕಿಸಲಾರರು. ಸದ್ದು ನಿಂತಿತು. ಸ್ವಲ್ಪ ಹೊತ್ತಿನಲ್ಲಿ ಮತ್ತೆ ಶುರುವಾಯಿತು, ಮತ್ತೆ ನಿಂತಿತು. ಯಾರೂ ಹೊರಗೆ ಬರಲಿಲ್ಲ.

ಹತ್ತು ನಿಮಿಷದ ಮೇಲೆ ಎದುರು ಬಾಗಿಲಿನ ಕೆಳಗಿಂದ ನೀರು ಬಂತು. ತೆಳ್ಳಗೆ, ನಿಧಾನವಾಗಿ, ಹೊಸ್ತಿಲು ದಾಟಿ ಮೆಟ್ಟಿಲ ಕಡೆಗೆ ಹರಿಯಿತು. ಮನೆ ಖಾಲಿ ಮಾಡುವವರು ನಲ್ಲಿ ಬಿಟ್ಟು ಹೋಗುವುದಿಲ್ಲ. ಅಷ್ಟು ಸರ್ವೇಯರಮ್ಮನಿಗೂ ಗೊತ್ತಾಯಿತು. ಹೊರಗೆ ಬಂದು ಬೆಲ್ ಒತ್ತಿದಳು, ಬಾಗಿಲು ಬಡಿದಳು. "ಏನಮ್ಮಾ, ಇದ್ದೀರಾ?" ಎಂದು ಕೂಗಿದಳು. ಒಳಗೆ ನೀರಿನ ಸದ್ದು ಬಿಟ್ಟರೆ ಮತ್ತೇನಿಲ್ಲ.

ಓಡಿ ಹೋಗಿ ಲಕೋಟೆ ತಂದಳು. ತಂದವಳು ಅದನ್ನು ಹರಿಯಲಿಲ್ಲ.

ಬೀಗ ಹಾಕಿದ ಮನೆಯನ್ನು ಇಬ್ಬರು ಸಾಕ್ಷಿಗಳಿಲ್ಲದೆ ತೆರೆಯಬಾರದು ಎಂಬುದು ಅವಳ ಕೆಲಸದ ಮೊದಲ ಪಾಠ. ಲಕೋಟೆ ಒಡೆದಳು, ಒಬ್ಬಳೇ ಒಳಗೆ ಹೋದಳು, ಆಮೇಲೆ ಅದು ಕಾಣೆ ಇದು ಕಾಣೆ ಎಂದರೆ? ಇದೇ ಬಲೆಯಾಗಿದ್ದರೆ? ಪಕ್ಕದ ಅಜ್ಜಿಯ ಬೆಲ್ ಒತ್ತಿದಳು. ಅಜ್ಜಿಗೆ ಕೇಳಿಸಲಿಲ್ಲ. ಕಟ್ಟಡದ ಸೆಕ್ರೆಟರಿಗೆ ಫೋನ್ ಮಾಡಿದಳು. ಅವನದು ಕನ್ನಡಕದ ಅಂಗಡಿ. "ಗಿರಾಕಿ ಇದಾರೆ ಮೇಡಂ, ಅರ್ಧ ಗಂಟೇಲಿ ಬರ್ತೀನಿ" ಎಂದ. ಗುಂಪಿನಲ್ಲಿ ಬರೆದಳು: "ಮೂರನೇ ಮಹಡಿ. ಎದುರು ಮನೆಯಿಂದ ನೀರು ಬರುತ್ತಿದೆ, ಬಾಗಿಲು ತೆಗೆಯುತ್ತಿಲ್ಲ. ಯಾರಾದರೂ ಇಬ್ಬರು ಬನ್ನಿ." ಒಬ್ಬರು ಕೊಳಾಯಿ ರಿಪೇರಿಯವನ ನಂಬರ್ ಕಳಿಸಿದರು. ಇನ್ನೊಬ್ಬರು ಊರಲ್ಲಿಲ್ಲ ಎಂದರು. ನಾಲ್ಕು ಜನ ಹೆಬ್ಬೆರಳು ಎತ್ತಿ ತೋರಿಸಿದರು. ಒಬ್ಬರು ಕೈಮುಗಿದರು. ಅರವತ್ತು ಮನೆಯ ಕಟ್ಟಡದಲ್ಲಿ ಎರಡು ಕಾಲು ಆ ಮೂರನೇ ಮಹಡಿಗೆ ಬರಲಿಲ್ಲ.

ಕೊನೆಗೆ ಗಂಡನಿಗೆ ಫೋನ್ ಮಾಡಿದಳು. ಮಕ್ಕಳನ್ನು ಶಾಲೆಗೆ ಇಳಿಸಿ ಬಸ್ಸು ತೊಳೆಯುತ್ತಿದ್ದವನು ಒಂದು ನಿಮಿಷ ಕೇಳಿಸಿಕೊಂಡ. ಆಮೇಲೆ, ಮೂವತ್ತು ವರ್ಷದಲ್ಲಿ ಮೊದಲ ಸಲ ಹೆಂಡತಿಯ ಮೇಲೆ ಕಿರುಚಿದ.

"ಕೀ ಕೈಯಲ್ಲಿಟ್ಕೊಂಡು ನಂಗ್ಯಾಕೆ ಫೋನ್ ಮಾಡ್ತೀಯೇ! ಹರಿಯೇ ಅದನ್ನ! ಕೆಲ್ಸ ಹೋದ್ರೆ ಹಾಳಾಗ್ಹೋಗ್ಲಿ, ಬಾಗ್ಲು ತೆಗಿ!"

ಲಕೋಟೆ ಹರಿದಳು. ಅವಸರದಲ್ಲಿ ಬೀಗದಕೈ ಎರಡು ಸಲ ನೀರಿಗೆ ಬಿತ್ತು. ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿರಲಿಲ್ಲ. ಒಮ್ಮೆ ತಿರುಗಿಸಿದ್ದಕ್ಕೆ ತೆರೆದುಕೊಂಡಿತು.

ಹುಡುಗಿ ಅಡುಗೆಮನೆಯ ಬಾಗಿಲಲ್ಲಿ ಒದ್ದೆ ಚಾಪೆಯ ಮೇಲೆ ಬಿದ್ದಿದ್ದಳು. ಮೇಲೆ ನಲ್ಲಿ ಹರಿಯುತ್ತಿತ್ತು. ಕಣ್ಣು ಅರ್ಧ ತೆರೆದಿತ್ತು, ಕರಿಗುಡ್ಡೆ ಕಾಣುತ್ತಿರಲಿಲ್ಲ. ಬಾಯಂಚಿನಲ್ಲಿ ರಕ್ತ, ಗಂಟಲಲ್ಲಿ ಗೊರಗೊರ. ಸರ್ವೇಯರಮ್ಮ ನೋಡುತ್ತಿದ್ದಂತೆಯೇ ಆ ಮೈ ಮತ್ತೆ ಸೆಟೆದುಕೊಂಡು ಅದುರತೊಡಗಿತು. ಹಿಮ್ಮಡಿ ಚಾಪೆಯಾಚೆ ಬರಿ ನೆಲಕ್ಕೆ ಬಡಿಯಿತು. ಟಪ್, ಟಪ್, ಟಪ್. ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದ ಕಾಗದವಿತ್ತು: 'ನನಗೆ ಫಿಟ್ಸ್ ಬಂದಿದ್ದರೆ ಎಡಕ್ಕೆ ಹೊರಳಿಸಿ ಮಲಗಿಸಿ. ಬಾಯಿಗೆ ಏನೂ ಹಾಕಬೇಡಿ. ಐದು ನಿಮಿಷ ಮೀರಿದರೆ ಆಂಬುಲೆನ್ಸ್ ಕರೆಯಿರಿ.' ಕೆಳಗೆ ನಂಬರುಗಳಿದ್ದವು.

ಸ್ಪಂಜು, ಚಾಪೆ, ಗಾಜಿಲ್ಲದ ಕೋಣೆ, ಲಿಫ್ಟು. ಇಪ್ಪತ್ತಮೂರು ವರ್ಷ ಮನೆಗಳನ್ನು ಓದಿದವಳು ಈ ಮನೆಯ ಒಂದಕ್ಷರವನ್ನೂ ಸರಿಯಾಗಿ ಓದಿರಲಿಲ್ಲ. ಹುಡುಗಿಯನ್ನು ಎಡಕ್ಕೆ ಹೊರಳಿಸಿ, ತೊಡೆಯ ಮೇಲೆ ತಲೆ ಇಟ್ಟುಕೊಂಡು ಆಂಬುಲೆನ್ಸಿಗೆ ಫೋನ್ ಮಾಡಿದಳು. ಅಲ್ಲಿಂದ ಆಸ್ಪತ್ರೆ ತಲುಪುವ ತನಕ "ಬಂದ್ರು ಕಣಮ್ಮ, ಬಂದ್ರು" ಎಂದು ಹೇಳುತ್ತಲೇ ಇದ್ದಳು.

ಆಸ್ಪತ್ರೆಯಲ್ಲಿ ಡಾಕ್ಟರು, "ಎಷ್ಟು ಹೊತ್ತಿಗೆ ಶುರುವಾಯ್ತು, ಗೊತ್ತಾ?" ಎಂದು ಕೇಳಿದರು. ಯಾರಿಗೂ ಗೊತ್ತಿರುವುದಿಲ್ಲ ಎಂಬ ದನಿಯಲ್ಲಿ ಕೇಳಿದರು.

"ಒಂಬತ್ತೂ ನಲವತ್ತೆರಡು."

"ನೀವು ಬಾಗಿಲು ತೆಗೆದಿದ್ದು?"

"ಹತ್ತೂ ಎಂಟು."

ಡಾಕ್ಟರು ಬರೆದುಕೊಳ್ಳುತ್ತಿದ್ದವರು ತಲೆ ಎತ್ತಿದರು. "ನಡುವೆ ಇಪ್ಪತ್ತಾರು ನಿಮಿಷ ಇದೆಯಲ್ಲ?"

"ಹೊರಗೆ ನಿಂತಿದ್ದೆ" ಎಂದಳು ಸರ್ವೇಯರಮ್ಮ. ಡಾಕ್ಟರು ಮತ್ತೇನೂ ಕೇಳಲಿಲ್ಲ. ಕೇಳಿದ್ದರೆ ಒಳ್ಳೆಯದಿತ್ತು ಎನ್ನಿಸಿತು ಅವಳಿಗೆ.

ಎರಡು ದಿನ ಹುಡುಗಿಗೆ ಪೂರ್ತಿ ಎಚ್ಚರವಿರಲಿಲ್ಲ. ಮೂರನೆಯ ದಿನ ನೋಡಲು ಬಿಟ್ಟರು. ಗಂಡ ಹೊರಗಿನ ಬೆಂಚಿನಲ್ಲಿ ಕೂತು, "ಇಪ್ಪತ್ತಾರು ನಿಮಿಷದ ಸುದ್ದಿ ಎತ್ಬೇಡ. ಅವಳಿಗೆ ಏನೂ ನೆನಪಿಲ್ವಂತೆ. ಬದುಕಿದಾಳೆ, ಅಷ್ಟು ಸಾಕು" ಎಂದು ಹೇಳಿ ಕಳಿಸಿದ.

ಹೆಡ್‌ಫೋನಿಲ್ಲದ ಹುಡುಗಿಯ ಮುಖ ಬಹಳ ಚಿಕ್ಕದಾಗಿ ಕಂಡಿತು. ನಾಲಿಗೆ ಕಚ್ಚಿಕೊಂಡಿದ್ದರಿಂದ ಮಾತು ದಪ್ಪವಾಗಿ, ತಡೆದು ತಡೆದು ಬರುತ್ತಿತ್ತು. "ನೀವೇ ಅಂತೆ ಆಂಟಿ, ಬಾಗ್ಲು ತೆಗ್ದಿದ್ದು" ಎಂದು ನಗಲು ನೋಡಿದಳು.

"ನಂಗೆ ಯಾಕೆ ಮೊದಲೇ ಹೇಳ್ಲಿಲ್ಲ ನೀನು?" ನೀವು ಎನ್ನುವುದು ಯಾವಾಗ ಬಿಟ್ಟುಹೋಯಿತೋ ಅವಳಿಗೇ ತಿಳಿಯಲಿಲ್ಲ.

"ಹೇಳಿದ್ರೆ ಮನೆ ಬಿಡಿಸ್ತಾರೆ. ಎರಡು ಮನೆ ಬಿಡಿಸಿದ್ರು. ಅದಕ್ಕೇ, ನಿಮ್ಮ ಬಗ್ಗೇನೂ ಅನುಮಾನ ಇತ್ತು ನಂಗೆ. ಕೀ ಕೊಟ್ಟು ನೋಡೋಣ, ಆಮೇಲೆ ಹೇಳೋಣ ಅಂತ. ಬುಧವಾರದಿಂದ ಹಳೇ ಮಾತ್ರೆ ಬಿಟ್ಟು ಹೊಸದು ಶುರು ಮಾಡ್ಬೇಕಿತ್ತು, ಹೆದರಿಕೆ ಆಗ್ತಿತ್ತು."

"ಇಷ್ಟು ಜನ ಇದಾರೆ. ನಾನೇ ಯಾಕೆ?"

"ನಾನು ಹೋಗೋದು ಬರೋದು ನೋಡೋರು ಇಡೀ ಬಿಲ್ಡಿಂಗಲ್ಲಿ ನೀವೊಬ್ರೇ. ಕಿಂಡೀಲಿ ಬೆಳಕು ಮುಚ್ಕೊಳ್ಳುತ್ತಲ್ಲ, ನಂಗೆ ಕಾಣ್ಸುತ್ತೆ. ಮೊದಮೊದಲು ಕೋಪ ಬರ್ತಿತ್ತು. ಆಮೇಲೆ ಅನ್ನಿಸ್ತು, ಒಂದಿನ ನಾನು ಹೊರಗೆ ಬರ್ಲಿಲ್ಲ ಅಂದ್ರೆ ಗೊತ್ತಾಗೋದು ಇವ್ರಿಗೊಬ್ರಿಗೇ ಅಂತ."

ಸರ್ವೇಯರಮ್ಮ ಮಂಚದ ಕಂಬಿ ಹಿಡಿದುಕೊಂಡಳು. ಬಾಯಿಮುಚ್ಚಿಕೊಂಡು ಎದ್ದು ಹೋಗಬಹುದಿತ್ತು. ಹುಡುಗಿ ಜೀವನಪೂರ್ತಿ ಕೃತಜ್ಞಳಾಗಿರುತ್ತಿದ್ದಳು, ಯಾರಿಗೂ ಏನೂ ನಷ್ಟವಿರಲಿಲ್ಲ. ಆದರೆ ಸುಳ್ಳಿನ ಸಹವಾಸ ಮಾಡಿ ಮಾಡಿ ಅವಳಿಗೆ ಅದರ ವಾಸನೆ ಆಗದು.

"ನೋಡಮ್ಮ," ಎಂದಳು. "ನೀನು ಬಿದ್ದಿದ್ದು ನಂಗೆ ಕೇಳಿಸ್ತು. ಕೇಳಿಸಿದ ತಕ್ಷಣ ಬರ್ಲಿಲ್ಲ ನಾನು. ನಿನ್ನ ಕಳ್ಳಿ ಅಂದ್ಕೊಂಡೆ. ಕೀ ಇಟ್ಕೊಂಡು ಹೊರಗೆ ನಿಂತಿದ್ದೆ. ಇಪ್ಪತ್ತಾರು ನಿಮಿಷ."

ಹುಡುಗಿ ಅವಳನ್ನೇ ನೋಡಿದಳು. ಬೈಯಲಿ ಎಂದು ಸರ್ವೇಯರಮ್ಮ ಕಾದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು.

"ಹಿಂದಿನ ಮನೇಲಿ ಶುಕ್ರವಾರ ಬೆಳಿಗ್ಗೆ ಬಿದ್ದಿದ್ದೆ ಆಂಟಿ" ಎಂದಳು ಹುಡುಗಿ. "ಎಚ್ಚರ ಆದಾಗ ಶನಿವಾರ. ಯಾರೂ ಬಂದಿರ್ಲಿಲ್ಲ, ನಾನೇ ಎದ್ದು ಆಟೋ ಹಿಡಿದು ಆಸ್ಪತ್ರೆಗೆ ಹೋದೆ. ಗೋಡೆ ಆಚೆ ಮನೇಲಿ ಟೀವಿ ಓಡ್ತಾನೇ ಇತ್ತು." ಉಸಿರೆಳೆದುಕೊಂಡು, ಸಮಾಧಾನ ಹೇಳುವಂತೆ ಮುಂದುವರಿಸಿದಳು. "ಇಪ್ಪತ್ತಾರು ನಿಮಿಷ ಅಂದ್ರೆ ಬೇಗಾನೇ ಬಂದ್ರಿ ನೀವು. ಇಷ್ಟು ಬೇಗ ಯಾರೂ ಬಂದಿರ್ಲಿಲ್ಲ."

ತನ್ನನ್ನು ಸಮಾಧಾನ ಮಾಡಲು ಇವಳು ಸುಳ್ಳು ಹೇಳುತ್ತಿರಬೇಕು, ಸುಳ್ಳೇ ಆಗಿರಲಿ, ಒಂದು ದಿನವಿಡೀ ಹಾಗೆ ಯಾರೂ ಬಿದ್ದಿರದಿರಲಿ ಎಂದು ಬೇಡಿಕೊಳ್ಳುತ್ತ, ಕಣ್ಣಲ್ಲಿ ನೀರು ತುಂಬಿದ್ದರೂ ಸರ್ವೇಯರಮ್ಮ ಹುಡುಗಿಯ ಮುಖವನ್ನು ಸಾವಿರಾರು ಮುಖ ನೋಡಿದ ಕಣ್ಣಿಂದ ನೋಡಿದಳು. ರೆಪ್ಪೆ ನೋಡಿದಳು, ತುಟಿ ನೋಡಿದಳು, ಹೊದಿಕೆಯ ಮೇಲಿನ ಬೆರಳು ನೋಡಿದಳು.

ಹುಡುಗಿ ನಿಜವನ್ನೇ ಹೇಳುತ್ತಿದ್ದಳು.